ಪೇಟಿ ಮಾಸ್ತರರು ಸಿಲಿಂಡರು ಬದಲಿಸಿದ್ದು

ರೋಣದಲ್ಲಿ ಹೇಮಂತ ಕುಲಕರ್ಣಿಯವರ ಮನೆ ಎಲ್ಲಿ ಎಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಪೇಟಿ ಮಾಸ್ತರರ ಮನೆ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುವುದು. ಅದನ್ನು ಬಾರಿಸುವವರು ಪ್ರತಿ ಊರಿನಲ್ಲೂ ನಾಲ್ಕು ಜನ ಇದ್ದಾರೆ, ಕೆಡಿಸುವವರು ಎಂಟು ಜನ. ರಿಪೇರಿ ಮಾಡುವವರು ಮಾತ್ರ ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿಗೆ ಇವರೊಬ್ಬರೇ. ಈ ಸಂಗತಿ ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು.

ಅವರ ಕಿವಿಯ ಖ್ಯಾತಿ ದೊಡ್ಡದು. ಮದುವೆ ಮನೆಯಲ್ಲಿ ಯಾರದಾದರೂ ಫೋನು ರಿಂಗಾದರೆ ಊಟ ನಿಲ್ಲಿಸಿ, "ಕಾಳಿ ಎರಡಕ್ಕಿಂತ ಕೂದಲೆಳಿ ಕೆಳಗದ" ಎನ್ನುತ್ತಿದ್ದರು. ಕಾಳಿ ಎರಡು ಎಂದರೆ ಪೇಟಿಯ ಎರಡನೇ ಕಪ್ಪು ಪಟ್ಟಿಯ ಸ್ವರ. ಪಂಕ್ತಿಯಲ್ಲಿದ್ದವರೆಲ್ಲ ತಲೆದೂಗುತ್ತಿದ್ದೆವು. ಅದು ಖರೇನೋ ಸುಳ್ಳೋ ಎಂದು ನೋಡುವ ಉಪಾಯ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಆದ್ದರಿಂದ ಈ ಕಥೆಯಲ್ಲಿ ನಾನು ನೋಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು.

ನಾಲ್ಕು ವರ್ಷದ ಹಿಂದೆ ಮಾಸ್ತರರು ಸೈಕಲ್ಲಿಗೆ ಹಚ್ಚುವ ಸಣ್ಣ ಇಂಜಿನ್ನೊಂದನ್ನು ಫೋನಿನಲ್ಲೇ ತರಿಸಿದರು. ಭಜನೆಗಳು ಶುರುವಾಗುವುದು ಕೊನೆಯ ಬಸ್ಸು ಹೋದ ಮೇಲೆ; ಪೇಟಿ ಕೆಡುವುದು ಭಜನೆ ಶುರುವಾದ ಮೇಲೆ. ಹೀಗಾಗಿ ಅವರಿಗೊಂದು ಗಾಡಿ ಬೇಕೇ ಬೇಕಿತ್ತು. ಸ್ಕೂಟರು ತಗೊಳ್ಳಬಹುದಿತ್ತು, ಆದರೆ ಅದಕ್ಕೆ ಲೈಸೆನ್ಸು ಬೇಕು, ಲೈಸೆನ್ಸಿಗೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಬೇಕು. ಮಾಸ್ತರರು ಎರಡು ಸಲ ಹೋಗಿ ಎರಡು ಸಲವೂ ಸೊನ್ನೆ ಬರೆದು ಬಂದಿದ್ದರು. ಇಂಜಿನ್ನು ಹಚ್ಚಿದ ಸೈಕಲ್ಲು ಸೈಕಲ್ಲೇ ಎಂಬುದು ಅವರ ಸಿದ್ಧಾಂತ. ಗಜೇಂದ್ರಗಡದಲ್ಲಿ ಒಬ್ಬ ಪೊಲೀಸಪ್ಪ ಅವರನ್ನು ನಿಲ್ಲಿಸಿ, ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಯಾವ ಕಲಮು ಹಚ್ಚುವುದೆಂದು ತಿಳಿಯದೆ, "ಏರಿ ಏರತೈತೇನ್ರಿ ಇದು?" ಎಂದು ಕೇಳಿ ಬಿಟ್ಟುಕೊಟ್ಟನಂತೆ.

ಡಬ್ಬಿಯ ಮೇಲೆ ಎಂಬತ್ತು ಸಿ.ಸಿ. ಎಂದು ಬರೆದಿತ್ತು. ಬಸ್‌ಸ್ಟ್ಯಾಂಡ್ ಹಿಂದೆ ಔಷಧಿ ಹೊಡೆಯುವ ಪಂಪು, ಹಳೇ ಮೊಪೆಡ್ಡು ರಿಪೇರಿ ಮಾಡುವ ಮೆಹಬೂಬಸುಭಾನಿ ಅದನ್ನು ಒಮ್ಮೆ ನೋಡಿ, "ಅರವತ್ತರ ಮ್ಯಾಲ ಇರಂಗಿಲ್ರಿ ಮಾಸ್ತರ. ಆದ್ರೂ ಚಲೋ ಐತಿ. ಪೆಟ್ರೋಲಿನ್ಯಾಗ ಆಯಿಲ್ ಕೂಡಿಸೂದು ಒಂದ್ ಮರೀಬ್ಯಾಡ್ರಿ" ಎಂದ. ಎಂಬತ್ತನ್ನು ಅರವತ್ತಕ್ಕೆ ಇಳಿಸಿದವನ ಉಳಿದ ಮಾತನ್ನು ಮಾಸ್ತರರು ಯಾಕೆ ಕೇಳಬೇಕು? "ಸುಭಾನಿ, ಒಂದು ಯಂತ್ರ ಚಲೋ ನಡದದೋ ಇಲ್ಲೋ ಅದರ ಧ್ವನಿ ಮ್ಯಾಲೇ ನನಗ ತಿಳೀತದ" ಎಂದು ಹೇಳಿ ಬಂದರು.

ಆದರೂ ಮೂರು ವರ್ಷ ಆಯಿಲು ಹಾಕಿದರು. ಬಿಟ್ಟದ್ದು ಗ್ಯಾನಪ್ಪನ ಮಾತು ಕೇಳಿ. ಗ್ಯಾನಪ್ಪನಿಗೆ ಚಹಾದಂಗಡಿ ಇದೆ. ಅಲ್ಲಿ ಚಹಾ ಒಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲೂ ಅವನು ಪರಿಣತ. ಹೊಗೆಯಿಂದ ಬಿಳಿ ಜುಬ್ಬಾ ಹೊಲಸಾಗುತ್ತದೆ ಎಂದು ಮಾಸ್ತರರು ಒಂದು ದಿನ ಅಲ್ಲಿ ಬೇಜಾರು ಮಾಡಿಕೊಂಡರು.

"ಆಯಿಲ್ ಹೊಸಾ ಇಂಜಿನ್ನಿಗೆ ಅಷ್ಟ ಬೇಕ್ರಿ ಮಾಸ್ತರ" ಎಂದ ಗ್ಯಾನಪ್ಪ. "ಕೂಸಿಗೆ ಎಣ್ಣಿ ಹಚ್ಚಿ ಎರಿತಾರ, ದೊಡ್ಡವರಾದ ಮ್ಯಾಲ ಯಾರ್ ಹಚ್ಚತಾರ? ನಿಮ್ಮ ಇಂಜಿನ್ ಪಳಗೈತಿ ಈಗ."

ಇಷ್ಟು ಸ್ಪಷ್ಟವಾದ ಶಾಸ್ತ್ರ ಮಾಸ್ತರರಿಗೆ ಹಿಡಿಸಿತು. ಮರುದಿನದಿಂದ ಬರೀ ಪೆಟ್ರೋಲು. ಹೊಗೆ ನಿಂತಿತು. ಜುಬ್ಬಾ ಬೆಳ್ಳಗಾಯಿತು.

ಹೋದ ವರ್ಷ ಮೇ ತಿಂಗಳಲ್ಲಿ ಸೂಡಿಯ ಭಜನಾ ಮಂಡಳಿಯ ಪೇಟಿ ರಿಪೇರಿ ಮುಗಿಸಿ, ಅದನ್ನು ಕ್ಯಾರಿಯರಿಗೆ ಬಿಗಿದುಕೊಂಡು ಮಾಸ್ತರರು ನಡು ಮಧ್ಯಾಹ್ನ ಹೊರಟರು. ಬಿಸಿಲು ಕಡಿಮೆಯಾದ ಮೇಲೆ ಹೋಗಿರಿ ಎಂದು ಹೆಂಡತಿ ಮಧುರಾಬಾಯಿ ಹೇಳಿದ್ದು ನನಗೂ ಕೇಳಿಸಿತ್ತು. ಸೂಡಿ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ಇಂಜಿನ್ನು ಸಣ್ಣಗೆ ಕಿರ್‍ರ್ ಎಂದಿತು. ಆ ಪ್ರಸಿದ್ಧ ಕಿವಿ ಅದನ್ನು ಕೇಳಿತು ಮತ್ತು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ತೀರ್ಪು ಕೊಟ್ಟಿತು. ಫರ್ಲಾಂಗು ಹೋಗುವುದರಲ್ಲಿ ಇಂಜಿನ್ನು ಹಿಡಿದುಕೊಂಡು ನಿಂತಿತು, ಹಿಂದಿನ ಗಾಲಿ ರಸ್ತೆಗೆ ಗೀಟು ಎಳೆಯಿತು. ಮಾಸ್ತರರು ಬಿದ್ದರು. ಪೇಟಿ ಬೀಳದಂತೆ ತಾವೇ ಅಡಿಗೆ ಬಿದ್ದರು, ಅದನ್ನು ಒಪ್ಪಬೇಕು.

ಅಲ್ಲಿಗೆ ಬಿಟ್ಟಿದ್ದರೆ ಸಿಲಿಂಡರು ಉಳಿಯುತ್ತಿತ್ತೋ ಏನೋ. ಮಾಸ್ತರರು ಜಾಲಿಗಿಡದ ನೆರಳಿನಲ್ಲಿ ಅರ್ಧ ತಾಸು ಕೂತು, ಇಂಜಿನ್ನು ಆರಿದ ಮೇಲೆ ಪೆಡಲು ತುಳಿದು ಮತ್ತೆ ಶುರು ಮಾಡಿದರು. ಅದೂ ಪಾಪ, ಶುರುವಾಯಿತು. ಸೂಡಿಯ ಮೊದಲ ಮನೆ ಕಾಣುವವರೆಗೂ ಒದರಿಕೊಂಡು ಓಡಿ, ಆಮೇಲೆ ಇನ್ನೆಂದೂ ಏಳಲಿಲ್ಲ. ಆ ಸಂಜೆ ಪೇಟಿಯನ್ನು ಮಂಡಳಿಗೆ ಒಪ್ಪಿಸಿ, ಸೈಕಲ್ಲನ್ನು ಒಂದು ಟಂಟಂ ಆಟೋದಲ್ಲಿ ಈರುಳ್ಳಿ ಚೀಲಗಳ ಮೇಲೆ ಮಲಗಿಸಿ ಊರಿಗೆ ತಂದರು.

ಮರುದಿನ ಗ್ಯಾನಪ್ಪನ ಅಂಗಡಿ ಮುಂದೆ ಪಂಚಾಯಿತಿ ಕೂಡಿತು. ಒಬ್ಬರು ಪ್ಲಗ್ಗು ಅಂದರು, ಒಬ್ಬರು ಚೀನಾ ಮಾಲು ಅಂದರು. ಗ್ಯಾನಪ್ಪ ಇಂಜಿನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, "ಕಾವು ಆಗೈತಿ ಇದಕ್ಕ" ಎಂದ. ಎಣ್ಣೆಯ ಮಾತನ್ನು ಅವನೂ ಎತ್ತಲಿಲ್ಲ, ಮಾಸ್ತರರೂ ಎತ್ತಲಿಲ್ಲ. ಸುಭಾನಿಯ ಹತ್ತಿರ ಒಯ್ಯಿರಿ ಎಂದು ನಾನು ಹೇಳಿದೆ. ಮಾಸ್ತರರು ನನ್ನತ್ತ ನೋಡಿದ ರೀತಿಗೆ ನಾನು ಚಹಾ ಪೂರ್ತಿ ಕುಡಿಯದೆ ಎದ್ದು ಬಂದೆ.

"ಮೂವತ್ತೈದು ವರ್ಷ ಪೇಟಿ ರೀಡು ಬಿಚ್ಚೀನಿ" ಎಂದು ಮನೆಯಲ್ಲಿ ಮಧುರಾಬಾಯಿಯವರಿಗೆ ಹೇಳುತ್ತಿದ್ದರು. "ಇದರಾಗ ಏನದ? ನಾಕು ನಟ್ಟು."

"ನಾಕs ನಟ್ ಅದಾವಂದ್ರ ಬಿಚ್ರಿ. ಆದರ ಹಾಲ್‌ನ್ಯಾಗ ಬ್ಯಾಡ, ಅಂಗಳದಾಗ" ಎಂದರು ಅವರು.

ಅಂಗಳದಲ್ಲಿ ಫೋನು ನಿಲ್ಲಿಸಿಕೊಂಡು, ಯಾವುದೋ ದೇಶದ ಕೆಂಪು ಗಡ್ಡದ ಮನುಷ್ಯ ಯಾವುದೋ ಭಾಷೆಯಲ್ಲಿ ಹೇಳಿಕೊಡುವುದನ್ನು ನೋಡುತ್ತ ಮಾಸ್ತರರು ಕೆಲಸಕ್ಕಿಳಿದರು. ಪ್ಲಗ್ಗು ಬಿಚ್ಚಿದರು. ಮೇಲಿನ ನಾಲ್ಕು ನಟ್ಟು ಬಿಚ್ಚಿ ಹೆಡ್ಡು ತೆಗೆದರು. ಸಿಲಿಂಡರು ಜಪ್ಪಯ್ಯ ಅಂದರೂ ಏಳಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಎಬ್ಬಿಸಿದರು. ಒಳಗೆ ನೋಡಿದರೆ ಕನ್ನಡಿಯಂತೆ ಇರಬೇಕಾದ ಗೋಡೆ ಉದ್ದಕ್ಕೂ ಕೆರೆದುಹೋಗಿತ್ತು, ಒಳಗಿನ ಪಾಲಿಶು ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಪಿಸ್ಟನ್ನಿಗೂ ಅದೇ ಗೀರು. ಎರಡು ರಿಂಗಿನಲ್ಲಿ ಒಂದು ಮುರಿದಿತ್ತು.

ಪಿಸ್ಟನ್ನು ಬಿಚ್ಚಲು ಅದರ ಪಿನ್ನಿನ ತುದಿಗಿರುವ ಲಾಕು ತೆಗೆಯಬೇಕು. ಅದೊಂದು ಸಣ್ಣ ತಂತಿಯ ಬಳೆ, ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು. ತೆಗೆಯುವ ಮುಂಚೆ ಇಂಜಿನ್ನಿನ ಬಾಯಿಗೆ ಅರಿವೆ ತುರುಕಬೇಕು, ಇಲ್ಲದಿದ್ದರೆ ಅದು ಸಿಡಿದು ಒಳಗೆ ಬೀಳುತ್ತದೆ. ಕೆಂಪು ಗಡ್ಡದವನು ಅದನ್ನು ಹೇಳಿದನೋ ಇಲ್ಲವೋ, ಆ ಹೊತ್ತಿಗೆ ಫೋನಿನಲ್ಲಿ ಹಲ್ಲುಪುಡಿಯ ಜಾಹೀರಾತು ಬಂದಿತ್ತು. ಲಾಕು ಚಿಮಟದ ತುದಿಯಿಂದ ಹಾರಿತು. ಟಿಣ್ ಎಂದಿತು. ಅದು ಒಳಗೇ ಬಿದ್ದಿತೆಂದು ಮಾಸ್ತರರು ಇಂಜಿನ್ನಿನ ತೆರೆದ ಬಾಯಿಗೆ ಒಂದು ಕಣ್ಣಿಟ್ಟು ನೋಡಿದರು. ಆಮೇಲೆ ಎಲ್ಲದರ ಮೇಲೆ ಒಂದು ಗೋಣಿಚೀಲ ಮುಚ್ಚಿ, ಕೈ ತೊಳೆದು ಊಟಕ್ಕೆ ಹೋದರು.

"ಆತೇನ್ರಿ ನಾಕು ನಟ್ಟು?" ಎಂದು ಮಧುರಾಬಾಯಿ ಕೇಳಿದರು.

"ಸಾಮಾನು ತರಬೇಕು" ಎಂದರು ಮಾಸ್ತರರು. ಲಾಕಿನ ಸುದ್ದಿ ಹೇಳಲಿಲ್ಲ.

ಗಜೇಂದ್ರಗಡದಲ್ಲಿ ಇಂಥ ಸಣ್ಣ ಇಂಜಿನ್ನುಗಳ ಸಾಮಾನು ಇಡುವವರು ಖಾಜಾಬಿ. ಅರವತ್ತು ದಾಟಿದ ಹೆಣ್ಣುಮಗಳು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕೌಂಟರಿನಲ್ಲಿ ಕೂತಿರುತ್ತಾರೆ. ಮಾಸ್ತರರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ, "ಸೈಕಲ್ ಇಂಜಿನ್ನಿಂದು ಒಂದು ಸಿಲಿಂಡರ್ ಕೊಡ್ರಿ ಅಕ್ಕಾರ, ಎಂಬತ್ತು ಸಿ.ಸಿ.ದು" ಎಂದರು.

"ಬೋರ್ ಎಷ್ಟರಿ?"

ಮಾಸ್ತರರು ಜುಬ್ಬಾದ ಗುಂಡಿ ಮುಟ್ಟಿ ನೋಡಿಕೊಂಡರು.

"ಸ್ಟಡ್ ಆರು ಎಮ್ಮೆಮ್ಮಿಂದೋ, ಎಂಟರದೋ? ಸೈಲೆನ್ಸರ್ ಹಚ್ಚೋ ಕಡೆ ತೂತು ಎಷ್ಟ್ ಅಂತರದಾಗ ಅದಾವು?"

"ಸಾಧಾರಣ ಇರ್ತದಲ್ಲ, ಅದ..."

"ಸಾಧಾರಣ ಅನ್ನೂದು ನಾಕ್ ನಮೂನಿ ಬರತಾವ್ರಿ ಕಾಕಾ. ಹಳೇದು ತರಬೇಕಿಲ್ಲೋ?"

ಹಳೆಯದನ್ನು ಮಾಸ್ತರರು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದರು. ಮಸಿ ಹಿಡಿದ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುವುದು ಸಂಗೀತಕ್ಕೆ ಸಂಬಂಧಪಟ್ಟವರಿಗೆ ಶೋಭಿಸುವುದಿಲ್ಲ. ಎರಡನೇ ಸಲ ಅದನ್ನು ಪೇಟಿಗೆ ಮುಚ್ಚುವ ಕೆಂಪು ಮಖಮಲ್ಲಿನಲ್ಲಿ ಸುತ್ತಿಕೊಂಡು ಹೋದರು. ಖಾಜಾಬಿ ಮಖಮಲ್ಲು ಬಿಚ್ಚಿ, ಸಿಲಿಂಡರಿನೊಳಗೆ ಬೆರಳಾಡಿಸಿ, "ಆಯಿಲ್ ಹಾಕಿಲ್ಲ" ಎಂದರು. ಪ್ರಶ್ನೆ ಕೇಳಿದ್ದಲ್ಲ.

ಹೊಸ ಸಿಲಿಂಡರು, ಅದಕ್ಕೆ ಕೂಡುವ ಪಿಸ್ಟನ್ನು, ರಿಂಗು, ಪಿನ್ನು, ಮೇಲಿನ ಕೆಳಗಿನ ಪ್ಯಾಕಿಂಗು, ಎರಡು ಲಾಕು ಎಲ್ಲವನ್ನೂ ಕಾಗದದ ಮೇಲೆ ಜೋಡಿಸಿಟ್ಟರು. "ಹಳೇ ಪಿಸ್ಟನ್ ಹಾಕಬ್ಯಾಡ್ರಿ, ಹೊಸಾ ಗ್ವಾಡಿನೂ ಕೆರೀತೈತಿ. ಲಾಕ್ ಹಾಕೂಮುಂದ ಇಂಜಿನ್ ಬಾಯಾಗ ಅರಬಿ ತುರಕ್ರಿ, ಒಳಗ ಬಿದ್ದೀತು."

ಮಾಸ್ತರರ ಮುಖ ನೋಡಿ ಅವರು ಕನ್ನಡಕ ತೆಗೆದರು. "ಬಿದ್ದೈತೇನ್ರಿ?"

"ಯಾರದು?" ಎಂದರು ಮಾಸ್ತರರು.

"ಯಾರದರ ಇರ್‍ಲಿ. ಬಿದ್ದಿದ್ರ ಅದನ್ನ ತಗೀಲಾರದ ಇಂಜಿನ್ ಚಾಲೂ ಮಾಡಬ್ಯಾಡ್ರಿ ಅಂತ ಅವರಿಗೆ ಹೇಳ್ರಿ. ಎಲ್ಲಾ ಪುಡಿ ಆಕ್ಕೈತಿ."

ಅವರಿಗೆ ಹೇಳುವುದಾಗಿ ಮಾಸ್ತರರು ಮಾತು ಕೊಟ್ಟು ಬಂದರು.

ಹೀಗೆ, ಬೇರೆ ದಾರಿಯೇ ಇಲ್ಲವಾದ ಮೇಲೆ, ಸೈಕಲ್ಲು ಸುಭಾನಿಯ ಅಂಗಡಿಗೆ ಬಂತು. ಅಂದು ನನ್ನ ಔಷಧಿ ಪಂಪು ರಿಪೇರಿಗೆ ಇದ್ದದ್ದರಿಂದ ನಾನೂ ಅಲ್ಲೇ ಇದ್ದೆ. ಪಂಪಿಗೆ ಅಂಥ ಅವಸರವೇನೂ ಇರಲಿಲ್ಲ, ಆದರೂ ಇದ್ದೆ. ಸುಭಾನಿ "ನಾ ಹೇಳಿದ್ದೆ" ಎನ್ನುತ್ತಾನೆ ಎಂದು ಕಾದೆ. ಅವನು ಎಲ್ಲ ಕೇಳಿಸಿಕೊಂಡು, ಇಷ್ಟೇ ಕೇಳಿದ: "ಲಾಕು ಒಳಗs ಬಿದ್ದದ್ದು ನೋಡೀರೇನ್ರಿ ಮಾಸ್ತರ?"

"ನೋಡಬೇಕೇನು? ಕೇಳೀನಿ. ಟಿಣ್ ಅಂತು. ಟೊಳ್ಳಿನ್ಯಾಗ ಬಿದ್ದ ನಾದನs ಬ್ಯಾರೆ."

"ನೆಲಕ್ಕ ಬಿದ್ದಿರಬಹುದಲ್ರಿ?"

"ಸುಭಾನಿ, ಅನುಮಾನ ಪಡೋದಿದ್ರ ನನ್ನ ಮ್ಯಾಲ ಪಡು. ನನ್ನ ಕಿವಿ ಮ್ಯಾಲ ಪಡಬ್ಯಾಡ."

ಸುಭಾನಿ ಪಡಲಿಲ್ಲ. ಅಯಸ್ಕಾಂತದ ಕಡ್ಡಿ ಬಿಟ್ಟು ಒಳಗೆಲ್ಲ ಆಡಿಸಿದ; ಬಂದದ್ದು ಮುರಿದ ರಿಂಗಿನ ಎರಡು ಚೂರು. ಇಂಜಿನ್ನನ್ನು ಸೈಕಲ್ಲಿನಿಂದ ಬಿಚ್ಚಿ ತಲೆಕೆಳಗು ಮಾಡಿ ಅಲುಗಾಡಿಸಿದ. ಮಾಸ್ತರರು ಕಿವಿ ಹತ್ತಿರ ಹಿಡಿದು, "ಬಲಕ್ಕದ, ಬಲಕ್ಕದ" ಎಂದರು. ಕೊನೆಗೆ ಸುಭಾನಿ ಕೆಳಗಿನ ಹೊಟ್ಟೆಯ ಬೋಲ್ಟುಗಳನ್ನೆಲ್ಲ ತೆಗೆದು ಅದನ್ನು ಎರಡು ಹೋಳು ಮಾಡಿದ. ಊಟದ ಹೊತ್ತು ಮೀರಿತ್ತು. ಬಲಕ್ಕೂ ಇರಲಿಲ್ಲ, ಎಡಕ್ಕೂ ಇರಲಿಲ್ಲ. ಅವನು ಒಳಗೆಲ್ಲ ಪೆಟ್ರೋಲಿನಲ್ಲಿ ತೊಳೆದು, ಆ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿದ. ಮಾಸ್ತರರು ಬಟ್ಟೆಯನ್ನು ತಾವೂ ಒಮ್ಮೆ ಹಿಂಡಿ ನೋಡಿದರು.

ಅಷ್ಟರಲ್ಲಿ ಮಧುರಾಬಾಯಿ ಊಟದ ಡಬ್ಬಿ ತಂದರು. ಗಂಡ ನೆಲದ ಮೇಲೆ ಮಂಡಿಯೂರಿ ಕೂತದ್ದನ್ನು ನೋಡಿ ಗಾಬರಿಯಾಗಿ, ಏನು ಹುಡುಕುತ್ತಿದ್ದಾರೆ ಎಂದು ನನ್ನನ್ನು ಕೇಳಿದರು. ಮಾಸ್ತರರು ಸನ್ನೆ ಮಾಡುವುದರೊಳಗೆ ನಾನು ಹೇಳಿಬಿಟ್ಟೆ.

"ತಂತಿದು? ಇಷ್ಟs ಸಣ್ಣದು? ಒಂದು ಕಡೆ ಬಾಯಿ ತಕ್ಕೊಂಡಿರ್ತದಲ್ಲ, ಅದೇನು?" ಎಂದು ಮಧುರಾಬಾಯಿ ಕೈಯಲ್ಲಿದ್ದ ಪರ್ಸು ಮುಂದೆ ಹಿಡಿದರು. ಪರ್ಸಿನ ಜಿಪ್ಪಿಗೆ ಎಳೆಯುವ ಗುಂಡಿಯ ಬದಲು ಆ ಲಾಕು ಸಿಕ್ಕಿಕೊಂಡಿತ್ತು. "ಅವತ್ತs ಅಂಗಳಾ ಕಸಾ ಹೊಡಿಯೂಮುಂದ ತುಳಸಿಕಟ್ಟಿ ಮಗ್ಗಲ ಸಿಕ್ತು. ಜಿಪ್ಪಿಂದು ಕಿತ್ತಿತ್ತು, ಹಾಕ್ಕೊಂಡೆ."

"ಹೇಳಬಾರದಾ?" ಎಂದರು ಮಾಸ್ತರರು. ಧ್ವನಿ ಬಹಳ ಕೆಳಗಿತ್ತು.

"ನೀವು ಕೇಳಿದ್ರೇನು?"

ಸುಭಾನಿ ಆ ಕಡೆ ತಿರುಗಿ ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದ. ಒಂದೇ ಪಾನಾವನ್ನು ಅವನು ಎಷ್ಟು ಹೊತ್ತು ಒರೆಸಿದ ಎಂಬುದಕ್ಕೆ ನಾನು ಸಾಕ್ಷಿ.

ಊಟವಾದ ಮೇಲೆ ಅವನು ಹೋಳುಗಳ ನಡುವೆ ಹೊಸ ಪ್ಯಾಕಿಂಗು ಕತ್ತರಿಸಿ ಹಾಕಿ ಹೊಟ್ಟೆ ಮುಚ್ಚಿದ. ಬಾಯಿಗೆ ಅರಿವೆ ತುರುಕಿ, ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರಿನ ಕಡೆ ಬರುವಂತೆ ಪಿಸ್ಟನ್ನು ಕೂರಿಸಿದ. ಎರಡು ಹೊಸ ಲಾಕು ಹಾಕಿ, ಅವು ಕಚ್ಚಿನಲ್ಲಿ ಸರಿಯಾಗಿ ಕೂತಿವೆಯೋ ಎಂದು ಉಗುರಿನಿಂದ ತಿರುಗಿಸಿ ನೋಡಿದ. ಇನ್ನು ಸಿಲಿಂಡರನ್ನು ಮೇಲಿಂದ ಇಳಿಸಬೇಕು. ಇಳಿಸುವಾಗ ಎರಡೂ ರಿಂಗುಗಳನ್ನು ಬೆರಳಿನಿಂದ ಹಿಚುಕಿ, ಅವುಗಳ ಸೀಳು ಪಿಸ್ಟನ್ನಿನ ಮೊಳೆಗೆ ಸರಿಯಾಗಿ ಕೂಡುವಂತೆ ಹಿಡಿಯಬೇಕು. ಜಾಗ ಇಕ್ಕಟ್ಟು. ಸುಭಾನಿಯ ದಪ್ಪ ಬೆರಳು ಎರಡು ಸಲ ಜಾರಿತು.

"ನೀವು ಹಿಡೀರಿ ಮಾಸ್ತರ" ಎಂದ.

ಮಾಸ್ತರರು ಜುಬ್ಬಾದ ತೋಳು ಮಡಿಚಿದರು. ರಿಂಗುಗಳಿಗೆ ಎಣ್ಣೆ ಸವರಿ, ಹೆಬ್ಬೆರಳು ತೋರುಬೆರಳಿನಲ್ಲಿ ಒತ್ತಿ ಹಿಡಿದರು. ಸಿಲಿಂಡರು ಒಂದಿಷ್ಟೂ ತಡೆಯದೆ ಸರಕ್ಕನೆ ಇಳಿಯಿತು. "ಬೆರಳಂದ್ರ ಇವು ನೋಡ್ರಿ" ಎಂದ ಸುಭಾನಿ. ಆ ದಿನ ಮಾಸ್ತರರಿಗೆ ಸಿಕ್ಕ ಹೊಗಳಿಕೆ ಅದೊಂದೇ, ಅದು ಖರೇ ಹೊಗಳಿಕೆ. ಅಂಥ ಸಂದರ್ಭ ಅವರ ಜೀವನದಲ್ಲಿ ಕಡಿಮೆ. ಅರಿವೆ ತಗಿ ಅರಿವೆ ತಗಿ ಎಂದು ಅವಸರ ಮಾಡಿದರು. ಅದನ್ನು ಸುಭಾನಿ ಆಗಲೇ ತೆಗೆದಿದ್ದ.

ಹೆಡ್ಡಿಟ್ಟು ನಾಲ್ಕು ನಟ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದು, ಇಂಜಿನ್ನನ್ನು ಸೈಕಲ್ಲಿಗೆ ಏರಿಸಿ, ಆಯಿಲು ಕೂಡಿಸಿದ ಪೆಟ್ರೋಲು ಹೊಯ್ದರು. ಮೂರನೇ ತುಳಿತಕ್ಕೆ ಅದು ಹೊತ್ತಿಕೊಂಡಿತು. ನೀಲಿ ಹೊಗೆ ಸುಭಾನಿಯ ಅಂಗಡಿ ತುಂಬಿ, ಮಾಸ್ತರರ ಜುಬ್ಬಾದ ಮೇಲೂ ಕೂತಿತು. ಮಾಸ್ತರರು ಕೆಮ್ಮಿದರು, ಆದರೆ ದೂರ ಸರಿಯಲಿಲ್ಲ.

"ಮುನ್ನೂರು ಕಿಲೋಮೀಟರ್ ತನಕ ಜೋರ್ ಹೊಡೀಬ್ಯಾಡ್ರಿ" ಎಂದ ಸುಭಾನಿ. "ಹತ್ತು ಕಿಲೋಮೀಟರಿಗೊಮ್ಮೆ ನಿಂದ್ರಿಸಿ ಆರಿಸ್ರಿ. ಕ್ಯಾರಿಯರ್ ಮ್ಯಾಲ ವಜ್ಜಿ ಬ್ಯಾಡ."

ಒಮ್ಮೆ ಎಣ್ಣೆ ಬಿಟ್ಟು ಪೆಟ್ಟು ತಿಂದವರಿಗೆ ವ್ರತದ ನಿಷ್ಠೆ ಬಹಳ. ನರೇಗಲ್ಲಿನ ಮಂಡಳಿಯವರು ಪೇಟಿಯ ಒಂದು ಸ್ವರ ಹೊರಡುವುದಿಲ್ಲ ಎಂದು ಫೋನು ಮಾಡಿದಾಗ ಮಾಸ್ತರರು ಸಾಮಾನಿನ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಲು ಒಪ್ಪಲೇ ಇಲ್ಲ. ಪೆಟ್ಟಿಗೆ ಮಧುರಾಬಾಯಿಯವರ ಜೊತೆ ಬಸ್ಸಿನಲ್ಲಿ ಹೋಗುವುದು, ಮಾಸ್ತರರು ಸೈಕಲ್ಲಿನ ಮೇಲೆ ಬರುವುದು ಎಂದು ಗೊತ್ತಾಯಿತು. ಅವರು ಒಂದು ತಾಸು ಮುಂಚೆಯೇ ಹೊರಟರು. ದಾರಿಯಲ್ಲಿ ಹತ್ತಿಕಟಗಿ ಹೇರಿದ ಟ್ರ್ಯಾಕ್ಟರು ಅವರನ್ನು ಹಿಂದೆ ಹಾಕಿತು. ಕುರಿ ಹಿಂಡಿನ ಜೊತೆ ಬಹಳ ಹೊತ್ತು ಸಮಕ್ಕೆ ಸಮ ಓಟ ನಡೆಯಿತಂತೆ. ಮಧುರಾಬಾಯಿಯವರ ಬಸ್ಸು ದಾಟಿ ಹೋದಾಗ ಮಾಸ್ತರರು ಬೇವಿನ ಗಿಡದ ಕೆಳಗೆ ಇಂಜಿನ್ನಿಗೆ ರುಮಾಲಿನಿಂದ ಗಾಳಿ ಹಾಕುತ್ತಿದ್ದರು.

ಅವರು ನರೇಗಲ್ಲು ಮುಟ್ಟಿದಾಗ ಗುಡಿಯಲ್ಲಿ ಎರಡನೇ ಪದ ನಡೆದಿತ್ತು. ಪೇಟಿಯ ಎಲ್ಲ ಸ್ವರಗಳೂ ಹೊರಡುತ್ತಿದ್ದವು.

"ಯಾರು ಮಾಡಿದ್ರು?" ಎಂದರು ಬಾಗಿಲಲ್ಲೇ ನಿಂತು.

"ನಿಮ್ಮ ಮನಿಯವರ್‍ರಿ" ಎಂದ ತಾಳ ಹಿಡಿದಿದ್ದ ಈಶಪ್ಪ ಎಂಬ ಮುದುಕ. "ಹಲಗಿ ಬಿಚ್ಚಿದ್ರು, ರೀಡಿನ ಸಂದ್ಯಾಗ ಜ್ವಾಳದ ಹೊಟ್ಟು ಸಿಕ್ಕಿತ್ತು, ಹೇರ್‌ಪಿನ್ನಿಲೆ ತಗದ್ರು. ಐದು ನಿಮಿಷ ಹಿಡೀಲಿಲ್ಲ."

ಮಧುರಾಬಾಯಿ ಹೆಂಗಸರ ನಡುವೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಮೂವತ್ತು ವರ್ಷ ಆತಲ್ರಿ, ದಿನಾ ನೋಡೀನಿ" ಎಂದರು, ತಪ್ಪು ಮಾಡಿದವರ ಹಾಗೆ. ಭಜನೆ ಮುಗಿದ ಮೇಲೆ ಈಶಪ್ಪ ಇನ್ನೊಂದು ಸುದ್ದಿ ತೆಗೆದ. ಕೊಣ್ಣೂರಿನಲ್ಲಿ ಅವನ ಬೀಗರ ಮಂಡಳಿಯದೊಂದು ಪೇಟಿ ಕೆಟ್ಟು ಕೂತಿತ್ತು. ಮಾಸ್ತರರು ಜುಬ್ಬಾ ಸರಿಮಾಡಿಕೊಂಡು ಮುಂದೆ ಬಂದರು.

"ನಿಮಗ ತ್ರಾಸ್ ಬ್ಯಾಡ್ರಿ ಮಾಸ್ತರ, ಗಾಡಿ ಆರಿಸಬೇಕಲ್ಲ ನೀವು" ಎಂದು ಈಶಪ್ಪ ಮಧುರಾಬಾಯಿಯವರ ಕಡೆ ತಿರುಗಿದ. "ಅಕ್ಕಾರ, ನೀವs ಬರ್ತೀರೇನ್ರಿ?"

ಮಧುರಾಬಾಯಿ ಗಂಡನ ಮುಖ ನೋಡಿದರು. ಮಾಸ್ತರರು ಬಹಳ ಹೊತ್ತು ಯೋಚನೆ ಮಾಡುವವರಂತೆ ಮಾಡಿ, "ಹೋಗಿ ಬಾ. ದೊಡ್ಡ ಕೆಲಸ ಇದ್ರ ಫೋನ್ ಮಾಡು" ಎಂದರು.

ಫೋನು ಈವರೆಗೆ ಬಂದಿಲ್ಲ. ಮಧುರಾಬಾಯಿ ಈಗ ತಿಂಗಳಿಗೆ ನಾಲ್ಕೈದು ಊರಿಗೆ ಹೋಗಿಬರುತ್ತಾರೆ, ಬಸ್ಸಿನ ಕಂಡಕ್ಟರುಗಳಿಗೆಲ್ಲ ಅವರ ಪೆಟ್ಟಿಗೆಯ ಗುರುತು ಸಿಕ್ಕಿದೆ. ಮಾಸ್ತರರು ರೋಣದೊಳಗಿನ ಕೆಲಸ ನೋಡಿಕೊಳ್ಳುತ್ತಾರೆ. ದೂರದ ಊರಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, ಸಿಲಿಂಡರು ಇನ್ನೂ ಹೊಸದು, ಪಳಗಬೇಕು ಎನ್ನುತ್ತಾರೆ. ಮುನ್ನೂರು ಕಿಲೋಮೀಟರು ಮುಗಿದು ಎಂಟು ತಿಂಗಳಾಯಿತು.